ಅಡುಗೆಮನೆ, ಯುಟಿಲಿಟಿ ವೈರಿಂಗ್: ಗೋಡೆ ಕೊರೆಯುವ ಮೊದಲೇ ಕೂತು ಮಾಡಬೇಕಾದ ಪ್ಲಾನ್

ಬೆಂಗಳೂರಲ್ಲಿ ಮನೆ ಕಟ್ಟಿಸುವವರು ಟೈಲ್ಸ್ ಆರಿಸೋಕೆ ವಾರಗಟ್ಟಲೆ ಅಂಗಡಿ ಸುತ್ತುತ್ತಾರೆ. ಅಡುಗೆಮನೆಯಲ್ಲಿ ಕರೆಂಟ್ ಪಾಯಿಂಟ್ ಎಲ್ಲೆಲ್ಲಿ ಬರಬೇಕು ಅನ್ನೋದು ಮಾತ್ರ, ಎಲೆಕ್ಟ್ರಿಷಿಯನ್ ಸೀಮೆಸುಣ್ಣ ಹಿಡಿದು ನಿಂತ ಹೊತ್ತಲ್ಲೇ ತೀರ್ಮಾನ ಆಗಿಬಿಡುತ್ತದೆ. "ಇಲ್ಲೆರಡು ಫಿಫ್ಟೀನ್ ಆಂಪ್, ಅಲ್ಲೆರಡು ಫೈವ್ ಆಂಪ್ ಕೊಡ್ತೀನಿ ಸಾರ್, ಸಾಕು." ಆಮೇಲೆ ಮಾಡ್ಯುಲರ್ ಕಿಚನ್‌ನವರು ಬಂದು ಒಂದು ಸಾಕೆಟ್ಟನ್ನು ಡ್ರಾಯರ್ ಹಿಂದೆ ಮುಚ್ಚುತ್ತಾರೆ. ಇನ್ನೊಂದು ಸರಿಯಾಗಿ ಸಿಂಕ್ ಪಕ್ಕ ಬಂದಿರುತ್ತದೆ. ಗೃಹಪ್ರವೇಶ ಮುಗಿದು ತಿಂಗಳಾಗುವಷ್ಟರಲ್ಲಿ ಫ್ರಿಜ್ ಹಿಂದೆ ಮಲ್ಟಿಪ್ಲಗ್, ಸ್ಲ್ಯಾಬ್ ಮೇಲೆ ಎಕ್ಸ್‌ಟೆನ್ಷನ್ ಬೋರ್ಡ್.

ಈ ಬರಹ 30×40 ಸೈಟಲ್ಲಿ ಮನೆ ಕಟ್ಟಿಸುತ್ತಿರುವವರಿಗೆ, ಹೊಸ ಫ್ಲಾಟಿಗೆ ಇಂಟೀರಿಯರ್ ಮಾಡಿಸುವವರಿಗೆ, ಹಳೇ ಮನೆಯ ಅಡುಗೆಮನೆ ಹೊಸದು ಮಾಡುತ್ತಿರುವವರಿಗೆ. ಪ್ಲಾನ್ ಮಾಡೋದು ನಿಮ್ಮ ಕೆಲಸ, ವೈರ್ ಎಳೆದು ಕನೆಕ್ಷನ್ ಕೊಡೋದು ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರ್ಯಾಕ್ಟರ್ ಕೆಲಸ. ಡಿಬಿ ಬಾಕ್ಸ್ (ಮೀಟರಿನಿಂದ ಬಂದ ಕರೆಂಟನ್ನು ಮನೆಯ ಲೈನುಗಳಿಗೆ ಹಂಚುವ ಪೆಟ್ಟಿಗೆ) ನೀವೇ ಬಿಚ್ಚಲು ಹೋಗಬೇಡಿ. ಕೆಳಗೆ ಹೇಳಿರೋದೆಲ್ಲ ಎರಡು ಮಾತಿನ ಸುತ್ತಲೇ ಇದೆ: ಜೋರಾಗಿ ಬಿಸಿ ಮಾಡುವ ಪ್ರತಿ ವಸ್ತುವಿಗೂ ಡಿಬಿಯಿಂದ ಅದರದ್ದೇ ಲೈನ್ ಬರಬೇಕು, ಮತ್ತೆ ಪ್ರತಿ ವಸ್ತುವಿಗೂ ಅದು ಕೂರುವ ಜಾಗದಲ್ಲೇ ಸಾಕೆಟ್ ಸಿಗಬೇಕು.

ಮೊದಲ ಹೆಜ್ಜೆ: ಪಟ್ಟಿ ಬರೆಯಿರಿ

ಒಂದು ಹಾಳೆ ತಗೊಂಡು, ಈಗಿರುವ ಸಾಮಾನು, ಮುಂದಿನ ಐದಾರು ವರ್ಷದಲ್ಲಿ ಬರಬಹುದಾದ ಸಾಮಾನು, ಎರಡನ್ನೂ ಬರೆಯಿರಿ. ಎದುರಿಗೆ ವ್ಯಾಟ್. ಇದು ಪ್ರತಿ ಸಾಮಾನಿನ ಹಿಂದೆ ಅಥವಾ ತಳದಲ್ಲಿ ಅಂಟಿಸಿರುವ ಸ್ಟಿಕ್ಕರಿನಲ್ಲಿ ಇರುತ್ತದೆ. ಕೊಳ್ಳದೇ ಇರುವುದಕ್ಕೆ ಕಂಪನಿ ವೆಬ್‌ಸೈಟಿನಲ್ಲಿ ನೋಡಿ.

ಸುಮಾರಾಗಿ ಹೀಗಿರುತ್ತದೆ. ಇಂಡಕ್ಷನ್ ಒಲೆ 1800ರಿಂದ 2200 ವ್ಯಾಟ್. ಎಲೆಕ್ಟ್ರಿಕ್ ಕೆಟಲ್ 1500. ಓಟಿಜಿ ಓವನ್ 1200ರಿಂದ 2000. ಪಾತ್ರೆ ತೊಳೆಯುವ ಡಿಶ್‌ವಾಷರ್ 2000ದ ಆಸುಪಾಸು. ಬಿಸಿನೀರಲ್ಲಿ ಒಗೆಯುವ ಫ್ರಂಟ್ ಲೋಡ್ ವಾಷಿಂಗ್ ಮೆಷಿನ್ 2000ರಿಂದ 2200, ಹೀಟರ್ ಇಲ್ಲದ ಟಾಪ್ ಲೋಡ್ ಆದರೆ 400-500. ಪಾತ್ರೆ ತೊಳೆಯೋಕೆ ಅಂತ ಯುಟಿಲಿಟಿಯಲ್ಲಿ (ಅಡುಗೆಮನೆ ಪಕ್ಕದ ತೊಳೆಯುವ ಜಾಗದಲ್ಲಿ) ಹಾಕಿಸುವ ಪುಟ್ಟ ಇನ್‌ಸ್ಟೆಂಟ್ ಗೀಸರ್ ನೋಡೋಕೆ ಚಿಕ್ಕದು, ಆದರೆ ಎಳೆಯುವುದು 3000 ವ್ಯಾಟ್. ಮಿಕ್ಸಿ 500ರಿಂದ 750. ದೋಸೆ ಹಿಟ್ಟು ರುಬ್ಬುವ ಎರಡು ಲೀಟರ್ ಟೇಬಲ್ ಟಾಪ್ ಗ್ರೈಂಡರ್ ಬರೀ 150ರ ಹತ್ತಿರ. ಫ್ರಿಜ್ ಓಡುವಾಗ 100ರಿಂದ 250, ಚಿಮಣಿ ಹೆಚ್ಚೂಕಡಿಮೆ ಅಷ್ಟೇ, ನೀರಿನ ಆರ್‌ಓ ಫಿಲ್ಟರ್ 50-60.

ಮೈಕ್ರೋವೇವ್ ವಿಷಯದಲ್ಲಿ ಜನ ಎಡವುತ್ತಾರೆ. ಬಾಗಿಲ ಮೇಲೆ ದೊಡ್ಡದಾಗಿ 800 ವ್ಯಾಟ್ ಅಂತ ಬರೆದಿರುತ್ತದೆ. ಅದು ಅಡುಗೆಗೆ ಸಿಗುವ ಶಕ್ತಿ. ಗೋಡೆಯಿಂದ ಎಳೆಯುವುದು 1200ಕ್ಕಿಂತ ಜಾಸ್ತಿನೇ, ಕನ್ವೆಕ್ಷನ್ ಇದ್ದರೆ ಆ ಮೋಡಲ್ಲಿ 2000 ದಾಟಬಹುದು. ಹಿಂದಿನ ಸ್ಟಿಕ್ಕರಿನಲ್ಲಿ ಇನ್‌ಪುಟ್ ಎಂದು ಬರೆದಿರುವುದನ್ನೇ ನಂಬಿ.

ಪಟ್ಟಿ ಆದ ಮೇಲೆ ಅದನ್ನು ಎರಡು ಭಾಗ ಮಾಡಿ. ಬಿಸಿ ಮಾಡುವವು ಒಂದು ಕಡೆ, ಬರೀ ಮೋಟರು ತಿರುಗಿಸುವವು ಇನ್ನೊಂದು ಕಡೆ. ವೈರಿಗೆ ಕಷ್ಟ ಕೊಡುವುದು ಮೊದಲನೇ ಗುಂಪು. ಮಿಕ್ಸಿ 750 ವ್ಯಾಟ್ ಇದ್ದರೂ ಚಟ್ನಿ ಆಗುವವರೆಗೆ ಎರಡು ನಿಮಿಷ ಓಡುತ್ತದೆ. ಡಿಶ್‌ವಾಷರ್ ಹೀಟರ್ ಹಾಗಲ್ಲ, ಬಹಳ ಹೊತ್ತು ಒಂದೇ ಸಮ 9 ಆಂಪಿಯರ್ ಎಳೆಯುತ್ತಾ ಇರುತ್ತದೆ. ಅಮೆರಿಕದಿಂದ ವಾಪಸ್ ಬಂದವರು ಅಲ್ಲಿಯ ಓವನ್, ಮಿಕ್ಸರ್ ತಂದಿದ್ದರೆ ಅವನ್ನು ಪಟ್ಟಿಯಿಂದ ಬಿಟ್ಟುಬಿಡಿ. ಅವು 120 ವೋಲ್ಟಿನವು, ಅವಕ್ಕೋಸ್ಕರ ಗೋಡೆ ಕೊರೆಯೋದು ದಂಡ.

ಎರಡನೇ ಹೆಜ್ಜೆ: ವ್ಯಾಟಿನಿಂದ ಆಂಪಿಯರಿಗೆ

ನಮ್ಮಲ್ಲಿ ಸಿಂಗಲ್ ಫೇಸ್ ಅಂದರೆ 230 ವೋಲ್ಟ್. ವ್ಯಾಟನ್ನು 230ರಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. 2000 ವ್ಯಾಟ್ ಅಂದರೆ 8.7 ಆಂಪಿಯರ್. 3000 ಅಂದರೆ 13. ಫಿಫ್ಟೀನ್ ಆಂಪ್ ಅಂತ ಬಾಯಿಮಾತಲ್ಲಿ ಕರೆಯುವ ದೊಡ್ಡ ಸಾಕೆಟ್ ಈಗ 16 ಆಂಪಿಯರಿನದು, ಫೈವ್ ಆಂಪ್ ಅನ್ನುವ ಚಿಕ್ಕದು 6 ಆಂಪಿಯರಿನದು. ಚಿಕ್ಕ ಸಾಕೆಟ್ಟಿನ ಮಿತಿ 1380 ವ್ಯಾಟ್, ದೊಡ್ಡದರ ಮಿತಿ 3680. ಎರಡು ಬಿಸಿ ಸಾಮಾನು, ಉದಾಹರಣೆಗೆ ಇಂಡಕ್ಷನ್ನೂ ಓಟಿಜಿಯೂ, ಒಂದೇ 16 ಆಂಪಿಯರ್ ಲೈನಿನಲ್ಲಿ ಒಟ್ಟಿಗೆ ಓಡಿದರೆ 4000 ವ್ಯಾಟ್ ಆಗುತ್ತದೆ. ಅದು ಆ ಲೈನಿನ ಮಿತಿ ದಾಟಿದ್ದು.

ಇಲ್ಲಿ ಒಂದು ವಿಷಯ ಚೆನ್ನಾಗಿ ತಲೆಯಲ್ಲಿ ಕೂರಲಿ. ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಬಿದ್ದು (ಟ್ರಿಪ್ ಆಗಿ) ಲೈನ್ ಕಡಿಯುವ ಸ್ವಿಚ್, ಇರುವುದು ಗೋಡೆಯೊಳಗಿನ ವೈರನ್ನು ಕಾಪಾಡುವುದಕ್ಕೆ. ಅದಕ್ಕೇ ವೈರಿನ ದಪ್ಪ ನೋಡಿ ಎಂಸಿಬಿ ಹಾಕಬೇಕು. ತಾಮ್ರದ 1.5 ಚದರ ಎಂಎಂ ವೈರಿಗೆ 10 ಆಂಪಿಯರ್, 2.5ಕ್ಕೆ 16, 4ಕ್ಕೆ 20 ಅಥವಾ 25, 6ಕ್ಕೆ 32. ಪೈಪಿನೊಳಗೆ ಪಕ್ಕಪಕ್ಕ ನಾಲ್ಕಾರು ವೈರು ಬಿಸಿಯಾಗುತ್ತಾ ಕೂತಿರುತ್ತವೆ, ಆದ್ದರಿಂದ ಸ್ವಲ್ಪ ಕೈ ಹಿಡಿದು ಹಾಕುವುದೇ ಒಳ್ಳೆಯದು. ಪದೇ ಪದೇ ಟ್ರಿಪ್ ಆಗುತ್ತಿದೆ ಅಂತ 16ರ ಎಂಸಿಬಿ ತೆಗೆದು 25 ಹಾಕುವವರಿದ್ದಾರೆ. ಟ್ರಿಪ್ ನಿಲ್ಲುತ್ತದೆ, ನಿಜ. ಆದರೆ ಅಲ್ಲಿಂದ ಮುಂದೆ ಆ ಎರಡೂವರೆ ವೈರು ಗೋಡೆಯೊಳಗೆ ಬಿಸಿಯಾಗುತ್ತಾ ಇರುತ್ತದೆ, ಅದನ್ನು ತಡೆಯುವವರು ಯಾರೂ ಇಲ್ಲ. ಇಂಥ ಸಲಹೆ ಯಾರೇ ಕೊಟ್ಟರೂ ಒಪ್ಪಬೇಡಿ.

ಎಂಸಿಬಿಯಲ್ಲಿ ಬಿ, ಸಿ ಅಂತ ಎರಡು ಥರ ಸಿಗುತ್ತವೆ. ಬಿ ಆದರೆ ರೇಟಿಂಗಿನ 3ರಿಂದ 5 ಪಟ್ಟು ಕರೆಂಟ್ ಒಮ್ಮೆಲೇ ಹರಿದರೆ ತಕ್ಷಣ ಬೀಳುತ್ತದೆ, ಸಿ ಆದರೆ 5ರಿಂದ 10 ಪಟ್ಟು. ಗೀಸರ್, ಓವನ್ ಥರದ ಬರೀ ಹೀಟರ್‌ಗೆ ಬಿ ಸರಿ. ಫ್ರಿಜ್, ವಾಷಿಂಗ್ ಮೆಷಿನ್, ಪಂಪಿನ ಮೋಟರು ಸ್ಟಾರ್ಟ್ ಆಗುವಾಗ ಒಂದು ಕ್ಷಣ ಜೋರಾಗಿ ಎಳೆಯುತ್ತವೆ, ಅವಕ್ಕೆ ಸಿ.

ಮೂರನೇ ಹೆಜ್ಜೆ: ಲೈನ್ ಹಂಚಿಕೆ

ಇಡೀ ಪ್ಲಾನಿನ ಜೀವ ಇರುವುದು ಇಲ್ಲಿ. ಒಂದು ಎರಡು ಬೆಡ್‌ರೂಮಿನ ಮನೆ ಅಂದುಕೊಳ್ಳಿ. ಬೆಳಗ್ಗೆ ಏಳು ಗಂಟೆ. ಒಬ್ಬರು ಸ್ನಾನಕ್ಕೆ ಗೀಸರ್ ಹಾಕಿದ್ದಾರೆ, 2000. ಇಂಡಕ್ಷನ್ ಮೇಲೆ ಇಡ್ಲಿ ಬೇಯುತ್ತಿದೆ, 2000. ಸ್ಕೂಲ್ ಯೂನಿಫಾರಂ ಬಿಸಿನೀರಲ್ಲಿ ಒಗೆಯುತ್ತಿದೆ, 2000. ಕಾಫಿ ಡಿಕಾಕ್ಷನ್‌ಗೆ ಕೆಟಲ್, 1500. ಚಟ್ನಿಗೆ ಮಿಕ್ಸಿ, 750. ಒಟ್ಟು 8250 ವ್ಯಾಟ್, ಹತ್ತಿರ ಹತ್ತಿರ 36 ಆಂಪಿಯರ್. ಇದೇನೂ ವಿಶೇಷ ದಿನವಲ್ಲ, ಮಾಮೂಲಿ ಸೋಮವಾರ. ಈ ಅರ್ಧ ಗಂಟೆಯನ್ನು ಕಣ್ಣಮುಂದೆ ಇಟ್ಟುಕೊಂಡು ಲೈನ್ ಹಂಚಬೇಕು.

ಅಂಥ ಮನೆಗೆ ನಾನು ಹೇಳುವುದು ಹೀಗೆ. ಅಡುಗೆಮನೆ ಸ್ಲ್ಯಾಬಿನ ಒಂದು ಬದಿಗೆ ಇಂಡಕ್ಷನ್‌ಗೆ ಅಂತ ಒಂದು ಲೈನ್. ಮೈಕ್ರೋವೇವ್ ಅಥವಾ ಓಟಿಜಿ ಇಡುವ ಮೂಲೆಗೆ ಇನ್ನೊಂದು. ಕೆಟಲ್, ಟೋಸ್ಟರ್, ಮಿಕ್ಸಿಗೆ ಸ್ಲ್ಯಾಬ್ ಮೇಲಿನ ಸಾಕೆಟ್ಟುಗಳಿಗೆ ಮೂರನೆಯದು. ಡಿಶ್‌ವಾಷರ್‌ಗೆ ನಾಲ್ಕನೆಯದು, ಈಗ ಕೊಳ್ಳದಿದ್ದರೂ ಪರವಾಗಿಲ್ಲ, ವೈರ್ ಎಳೆದು ಬಾಕ್ಸಿನಲ್ಲಿ ಬ್ಲ್ಯಾಂಕ್ ಪ್ಲೇಟ್ ಹಾಕಿಬಿಡಿ. ವಾಷಿಂಗ್ ಮೆಷಿನ್‌ಗೆ ಒಂದು. ಇವೆಲ್ಲಾ 2.5 ಚದರ ಎಂಎಂ ವೈರು, 16 ಆಂಪಿಯರ್ ಎಂಸಿಬಿ. ಯುಟಿಲಿಟಿ ಗೀಸರಿಗೆ 4 ಚದರ ಎಂಎಂ ಎಳೆಸಿ, ಆದರೆ ಕೊನೆಯಲ್ಲಿರುವುದು 16ರ ಸಾಕೆಟ್ಟಾದರೆ ಎಂಸಿಬಿ 16ರದ್ದೇ ಇರಲಿ. ಇನ್‌ಸ್ಟೆಂಟ್ ಗೀಸರಿನಲ್ಲಿ 4500 ವ್ಯಾಟಿನವೂ ಸಿಗುತ್ತವೆ, ಅವು 16 ಆಂಪಿಯರ್ ಸಾಕೆಟ್ಟಿಗೆ ಆಗುವುದಿಲ್ಲ.

ಫ್ರಿಜ್ ಎಳೆಯುವುದು ಕಡಿಮೆ, ಆದರೂ ಅದಕ್ಕೆ ಪ್ರತ್ಯೇಕ ಲೈನ್ ಕೊಡಿ. ಕೆಟಲ್ಲೋ ಟೋಸ್ಟರೋ ಕೆಟ್ಟು ಲೈನ್ ಬಿದ್ದರೆ ಫ್ರಿಜ್ ನಿಲ್ಲಬಾರದು. ಎರಡು ದಿನ ಊರಿಗೆ ಹೋಗಿ ಬಂದು ಬಾಗಿಲು ತೆಗೆದರೆ ಹಾಲು, ಹಿಟ್ಟು, ತರಕಾರಿ ಎಲ್ಲಾ ಹಾಳು ಅನ್ನುವುದಕ್ಕೆ ಬಹಳ ಸಲ ಕಾರಣ ಇಷ್ಟೇ ಆಗಿರುತ್ತದೆ.

ಚಿಮಣಿ, ಆರ್‌ಓ, ಗ್ಯಾಸ್ ಒಲೆಯ ಲೈಟರ್ ಪಾಯಿಂಟ್, ಗ್ರೈಂಡರ್, ಇವೆಲ್ಲ ಒಂದೇ 10 ಆಂಪಿಯರ್ ಲೈನಿನಲ್ಲಿ ಹೋಗಬಹುದು. ಅಡುಗೆಮನೆ ದೀಪ, ಎಕ್ಸಾಸ್ಟ್ ಫ್ಯಾನು ಬೇರೆ ಲೈನಿನಲ್ಲಿರಲಿ. ಬಿಸಿ ಎಣ್ಣೆ ಒಲೆ ಮೇಲಿರುವಾಗ ಸಾಕೆಟ್ ಲೈನ್ ಬಿದ್ದು ದೀಪವೂ ಆರಿದರೆ ಅಪಾಯ ಅಲ್ವಾ.

ಸ್ಲ್ಯಾಬಿನೊಳಗೆ ಕೂರುವ ನಾಲ್ಕು ಬರ್ನರಿನ ಬಿಲ್ಟ್ ಇನ್ ಇಂಡಕ್ಷನ್ ಹಾಬ್ ಬೇಕು ಅನ್ನುವವರ ಲೆಕ್ಕವೇ ಬೇರೆ. ಅವು 7000 ವ್ಯಾಟ್ ದಾಟುತ್ತವೆ, ಅಂದರೆ 30 ಆಂಪಿಯರಿಗೂ ಮೇಲೆ. ಅದಕ್ಕೆ ಪ್ಲಗ್ ಇರುವುದಿಲ್ಲ, 6 ಚದರ ಎಂಎಂ ವೈರು, ಕೈಗೆ ಸಿಗುವ ಜಾಗದಲ್ಲಿ ಫೇಸು ನ್ಯೂಟ್ರಲ್ಲು ಎರಡನ್ನೂ ಕಡಿಯುವ 32 ಆಂಪಿಯರ್ ಡಬಲ್ ಪೋಲ್ ಸ್ವಿಚ್ ಬೇಕು. ಮಾಡೆಲ್ ತೀರ್ಮಾನ ಮಾಡಿ, ಅದರ ಇನ್‌ಸ್ಟಾಲೇಷನ್ ಹಾಳೆಯನ್ನು ಎಲೆಕ್ಟ್ರಿಷಿಯನ್ ಕೈಗೆ ಕೊಟ್ಟ ಮೇಲೆಯೇ ಪೈಪ್ ಹಾಕಿಸಿ.

ಸ್ವಂತ ಮನೆ ಆದರೆ ಇನ್ನೆರಡು ಲೈನ್ ಮರೆಯಬೇಡಿ. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೆತ್ತುವ ಮೋಟರಿನ ಸ್ವಿಚ್ ಎಷ್ಟೋ ಮನೆಗಳಲ್ಲಿ ಯುಟಿಲಿಟಿಯಲ್ಲೇ ಇರುತ್ತದೆ, ಅದಕ್ಕೊಂದು. ಟೆರೇಸಿನ ಸೋಲಾರ್ ಟ್ಯಾಂಕಿನೊಳಗೆ ಮೋಡದ ದಿನಕ್ಕೆ ಅಂತ ಹೀಟರ್ ಕೊಟ್ಟಿರುತ್ತಾರೆ, ಸಾಮಾನ್ಯವಾಗಿ 2000 ವ್ಯಾಟಿನದು, ಅದಕ್ಕೊಂದು.

ನಾಲ್ಕನೇ ಹೆಜ್ಜೆ: ಸಾಕೆಟ್ ಎಲ್ಲಿ, ಎಷ್ಟು ಎತ್ತರ

ಅಳತೆ ಯಾವಾಗಲೂ ಮುಗಿದ ನೆಲದಿಂದ. ವೈರಿಂಗ್ ಸಮಯದಲ್ಲಿ ನೆಲ ಬರೀ ಕಾಂಕ್ರೀಟ್ ಇರುತ್ತದೆ, ಮೇಲೆ ಗಾರೆ, ಟೈಲ್ಸ್ ಬಂದಾಗ ಎರಡು ಮೂರು ಇಂಚು ಏರುತ್ತದೆ. ಆ ಮೂರು ಇಂಚು ಲೆಕ್ಕಕ್ಕೆ ತಗೊಳ್ಳದೆ ಗುರುತು ಹಾಕಿದರೆ ಸಾಕೆಟ್ ಸ್ಲ್ಯಾಬಿಗೆ ಅಷ್ಟೂ ಹತ್ತಿರ ಬಂದು ಕೂರುತ್ತದೆ, ಒರೆಸುವಾಗ ನೀರು ಅದಕ್ಕೆ ಸುಲಭವಾಗಿ ತಾಗುತ್ತದೆ. ಮೇಸ್ತ್ರಿ ಗೋಡೆ ಮೇಲೆ ಹಾಕಿಟ್ಟ ಲೆವೆಲ್ ಗೆರೆ ಇರುತ್ತದೆ, ಅಳತೆ ಅಲ್ಲಿಂದಲೇ ಹಿಡಿಯಲಿ.

ಸ್ಲ್ಯಾಬ್ ಸುಮಾರು 34 ಇಂಚು ಎತ್ತರ. ಸಾಕೆಟ್ಟುಗಳು ಅದರಿಂದ ಎಂಟು ಹತ್ತು ಇಂಚು ಮೇಲೆ, ಅಂದರೆ ನೆಲದಿಂದ 43-44 ಇಂಚು. ಸಿಂಕಿನ ಅಂಚಿನಿಂದ ಕನಿಷ್ಠ ಎರಡು ಅಡಿ ದೂರ. ಒಲೆಯ ಹಿಂದೆ, ಒಲೆಯ ನೇರಕ್ಕೆ ಮೇಲೆ ಸಾಕೆಟ್ ಬೇಡವೇ ಬೇಡ, ಬಿಸಿ, ಒಗ್ಗರಣೆ ಎಣ್ಣೆ ಎರಡೂ ಅಲ್ಲಿಗೇ ಬರುತ್ತವೆ. ಒಲೆಯ ಎರಡು ಬದಿಯಲ್ಲೂ ಒಂದೂವರೆ ಅಡಿಯಾದರೂ ಬಿಡಿ, ಮಿಕ್ಸಿ ವೈರು ಉರಿಯ ಮೇಲೆ ಹಾದುಹೋಗುವ ಹಾಗೆ ಇರಬಾರದು.

ಎಷ್ಟು ಸಾಕೆಟ್? ಸ್ಲ್ಯಾಬಿನ ಮೇಲೆ ಕೆಲಸ ಮಾಡುವ ಪ್ರತಿ ನಾಲ್ಕು ಅಡಿಗೆ ಒಂದು ಬೋರ್ಡ್, ಪ್ರತಿ ಬೋರ್ಡಿನಲ್ಲಿ ಎರಡು ಸಾಕೆಟ್, ಅದರಲ್ಲಿ ಒಂದಾದರೂ 16 ಆಂಪಿಯರಿನದು. ಅಡುಗೆ ಮಾಡುವವರನ್ನು ಖಾಲಿ ಅಡುಗೆಮನೆಯಲ್ಲಿ ನಿಲ್ಲಿಸಿ, "ಮಿಕ್ಸಿ ಎಲ್ಲಿಡ್ತೀರ, ಗ್ರೈಂಡರ್ ಎಲ್ಲಿಂದ ಎತ್ತಿ ಎಲ್ಲಿಡ್ತೀರ" ಅಂತ ಕೇಳಿ. ಗ್ರೈಂಡರ್ ಭಾರದ ಸಾಮಾನು, ಯಾರೂ ಅದನ್ನು ದಿನಾ ಎಳೆದಾಡುವುದಿಲ್ಲ, ಅದು ಕೂರುವ ಮೂಲೆಯಲ್ಲೇ ಪಾಯಿಂಟ್ ಇರಬೇಕು. ಇಂಟೀರಿಯರ್‌ನವರ ಡ್ರಾಯಿಂಗಿನಲ್ಲಿ ಈ ಮಾತು ಇರುವುದೇ ಇಲ್ಲ. ಅಡುಗೆ ಮಾಡುವವರನ್ನು ಕೇಳದೆ ಹಾಕಿದ ಪ್ಲಾನನ್ನು ನಾನಂತೂ ಒಪ್ಪುವುದಿಲ್ಲ.

ಚಿಮಣಿ ಸಾಕೆಟ್ ಏಳು ಅಡಿ ಎತ್ತರದಲ್ಲಿ, ಕೊಳವೆ ಹೋಗುವ ದಾರಿಯಿಂದ ಪಕ್ಕಕ್ಕೆ. ಸ್ವಿಚ್ ಮಾತ್ರ ಕೆಳಗಿನ ಬೋರ್ಡಿನಲ್ಲಿ. ಆರ್‌ಓ ಸಾಕೆಟ್ ಫಿಲ್ಟರಿನ ಪಕ್ಕಕ್ಕೆ, ಅದರ ಕೆಳಗೆ ಬೇಡ, ಸೋರಿದರೆ ನೀರು ಇಳಿಯುವುದು ಕೆಳಕ್ಕೇ ತಾನೇ. ಫ್ರಿಜ್ಜಿನ ಸಾಕೆಟ್ಟನ್ನು ಅದರ ಬೆನ್ನ ಹಿಂದೆ ಹಾಕಿದರೆ ಪ್ಲಗ್ ತಾಗಿ ಫ್ರಿಜ್ ಗೋಡೆಗೆ ಕೂರುವುದಿಲ್ಲ, ಕೆಟ್ಟಾಗ ಫ್ರಿಜ್ಜನ್ನೇ ಎಳೆಯಬೇಕು. ಪಕ್ಕಕ್ಕೆ, ಕೈಗೆ ಸಿಗುವ ಹಾಗೆ ಹಾಕಿಸಿ.

ಡಿಶ್‌ವಾಷರ್, ಬಿಲ್ಟ್ ಇನ್ ಓವನ್ ಥರ ಸ್ಲ್ಯಾಬ್ ಕೆಳಗೆ ಕೂರುವವಕ್ಕೆ ಸ್ವಿಚ್ ಮೇಲೆ, ಸಾಕೆಟ್ ಕೆಳಗೆ. ಸಾಕೆಟ್ ಅದರ ಹಿಂದೆ ಬೇಡ, ಪಕ್ಕದ ಕ್ಯಾಬಿನೆಟ್ಟಿನೊಳಗೆ, ನೆಲದಿಂದ ಒಂದೂವರೆ ಎರಡು ಅಡಿ ಮೇಲೆ. ಸಾಧ್ಯವಾದರೆ ಸಿಂಕ್ ಕೆಳಗಿನ ಕ್ಯಾಬಿನೆಟ್ ಬಿಟ್ಟು ಇನ್ನೊಂದು ಪಕ್ಕದ್ದು.

ಐದನೇ ಹೆಜ್ಜೆ: ಯುಟಿಲಿಟಿ

ನಮ್ಮ ಊರಿನ ಯುಟಿಲಿಟಿ ಅಂದರೆ ಅರ್ಧ ಮನೆಯೊಳಗೆ, ಅರ್ಧ ಹೊರಗೆ. ಗ್ರಿಲ್ ಒಂದೇ ಅಡ್ಡ. ಜೂನಿನಿಂದ ಅಕ್ಟೋಬರಿನವರೆಗೆ ಮಳೆ ಓರೆಯಾಗಿ ಬಡಿದರೆ ಗೋಡೆಯೆಲ್ಲ ಒದ್ದೆ. ಅಲ್ಲೇ ನಲ್ಲಿ, ಅಲ್ಲೇ ಬಟ್ಟೆ ಒಗೆಯುವ ಕಲ್ಲು, ಅಲ್ಲೇ ಬರಿಗಾಲಲ್ಲಿ ನಿಂತು ಪಾತ್ರೆ ತೊಳೆಯುವುದು. ಇಡೀ ಮನೆಯಲ್ಲಿ ಶಾಕ್ ಹೊಡೆಯುವ ಅವಕಾಶ ಹೆಚ್ಚು ಇರುವ ಜಾಗಗಳಲ್ಲಿ ಇದೂ ಒಂದು.

ಹಾಗಾಗಿ ಮಳೆ ತಾಗದ ಒಳಗಿನ ಗೋಡೆಯನ್ನೇ ಆರಿಸಿ. ವಾಷಿಂಗ್ ಮೆಷಿನ್ ಸಾಕೆಟ್ ನೆಲದಿಂದ ನಾಲ್ಕೂವರೆ ಅಡಿ, ನಲ್ಲಿಗಿಂತ ಮೇಲೆ, ನಲ್ಲಿಯಿಂದ ಎರಡು ಅಡಿ ಪಕ್ಕಕ್ಕೆ. ಮೆಷಿನ್ನಿನ ವೈರು ಸಾಮಾನ್ಯವಾಗಿ ಒಂದೂವರೆ ಮೀಟರ್ ಇರುತ್ತದೆ, ಅಷ್ಟರಲ್ಲಿ ಮುಟ್ಟಬೇಕು. ಮಳೆ ತಪ್ಪಿಸಲು ಆಗುವುದೇ ಇಲ್ಲ ಅಂದರೆ ಮುಚ್ಚಳ ಇರುವ, ನೀರು ಚಿಮ್ಮಿದರೂ ತಡೆಯುವ ಐಪಿ 55 ಬಾಕ್ಸ್ ಹಾಕಿಸಿ, ಪ್ಲಗ್ ಚುಚ್ಚಿದ ಮೇಲೂ ಮುಚ್ಚಳ ಮುಚ್ಚುವಂಥದ್ದೇ ಇರಲಿ. ಕೆಲವದರಲ್ಲಿ ದೊಡ್ಡ ಪ್ಲಗ್ ಹಾಕಿದರೆ ಮುಚ್ಚಳ ತೆರೆದೇ ಇರುತ್ತದೆ, ಕೊಳ್ಳುವಾಗ ಪ್ಲಗ್ ಹಾಕಿ ನೋಡಿ.

ಬಟ್ಟೆ ಒಣಗಿಸುವ ಡ್ರೈಯರ್ ಈಗೀಗ ಫ್ಲಾಟ್‌ಗಳಲ್ಲಿ ಜಾಸ್ತಿ ಆಗುತ್ತಿದೆ, ವಾಷಿಂಗ್ ಮೆಷಿನ್ ಮೇಲೆಯೇ ಕೂರಿಸುತ್ತಾರೆ. ಹೀಟರ್ ಡ್ರೈಯರ್ 2000ದಿಂದ 2500 ವ್ಯಾಟ್, ಹೀಟ್ ಪಂಪಿನದು ಅದರ ಅರ್ಧಕ್ಕಿಂತ ಕಡಿಮೆ. ಯಾವುದೇ ಇರಲಿ, ಒಂದೇ ಸಾಕೆಟ್ಟಿನಿಂದ ಎರಡನ್ನೂ ಓಡಿಸುವ ಆಲೋಚನೆ ಬೇಡ, ಎರಡನೇ ಲೈನ್ ಈಗಲೇ ಎಳೆಸಿ. ಇಸ್ತ್ರಿಪೆಟ್ಟಿಗೆಗೆ ಬೆಡ್‌ರೂಮಿನಲ್ಲೋ ಯುಟಿಲಿಟಿಯಲ್ಲೋ ಒಂದು 16 ಆಂಪಿಯರ್ ಇದ್ದರೆ ಸಾಕು.

ಆರನೇ ಹೆಜ್ಜೆ: ಅರ್ತ್, ಆರ್‌ಸಿಸಿಬಿ, ಮತ್ತೆ ನ್ಯೂಟ್ರಲ್ ಗೋಜಲು

ಎಂಸಿಬಿ ನಿಮ್ಮನ್ನು ಶಾಕಿನಿಂದ ಕಾಪಾಡುವುದಿಲ್ಲ. ಆ ಕೆಲಸ 30 ಮಿಲಿ ಆಂಪಿಯರ್ ಆರ್‌ಸಿಸಿಬಿಯದು. ಅದು ಹೋದ ಕರೆಂಟು, ನ್ಯೂಟ್ರಲ್ಲಿನಲ್ಲಿ ವಾಪಸ್ ಬಂದ ಕರೆಂಟು ಎರಡನ್ನೂ ಹೋಲಿಸುತ್ತಾ ಇರುತ್ತದೆ. ವ್ಯತ್ಯಾಸ ಬಂದರೆ ಯಾರದ್ದೋ ಮೈಯಿಂದಲೋ, ಒದ್ದೆ ಗೋಡೆಯಿಂದಲೋ ನೆಲಕ್ಕೆ ಸೋರುತ್ತಿದೆ ಎಂದು ಲೈನ್ ಕಡಿಯುತ್ತದೆ. ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಹಾಕುವುದು ರೂಢಿ. ನನ್ನ ಪ್ರಕಾರ ಕನಿಷ್ಠ ಎರಡು ಬೇಕು, ಅಡುಗೆಮನೆ ಯುಟಿಲಿಟಿಗೆ ಒಂದು, ಉಳಿದದ್ದಕ್ಕೆ ಒಂದು. ದುಡ್ಡು ಹೊಂದುವುದಾದರೆ ಗೀಸರ್, ವಾಷಿಂಗ್ ಮೆಷಿನ್, ಫ್ರಿಜ್‌ಗೆ ಎಂಸಿಬಿ, ಆರ್‌ಸಿಸಿಬಿ ಎರಡರ ಕೆಲಸವನ್ನೂ ಮಾಡುವ ಆರ್‌ಸಿಬಿಓ ಬೇರೆ ಬೇರೆ ಹಾಕಿಸಿ. ಯಾವುದರಲ್ಲಿ ಲೀಕ್ ಇದೆಯೋ ಅದೊಂದೇ ಬೀಳುತ್ತದೆ.

ಬೋರ್‌ವೆಲ್ ನೀರಿನ ಏರಿಯಾಗಳಲ್ಲಿ ಇದು ಇನ್ನೂ ಮುಖ್ಯ. ಗಡಸು ನೀರಿನ ಬಿಳಿ ಪದರ ಹೀಟರ್ ಕಾಯಿಲ್ ಮೇಲೆ ಕಟ್ಟುತ್ತಾ ಹೋಗುತ್ತದೆ, ಶಾಖ ನೀರಿಗೆ ಹೋಗದೆ ಕಾಯಿಲ್ ತಾನೇ ಕಾಯುತ್ತದೆ, ಕೊನೆಗೆ ಮೇಲಿನ ಕವಚ ಬಿರುಕು ಬಿಟ್ಟು ಕರೆಂಟ್ ನೀರಿಗೆ ಇಳಿಯುತ್ತದೆ. ಗೀಸರ್ ಹಾಕಿದ ಕೂಡಲೇ ಆರ್‌ಸಿಸಿಬಿ ಬೀಳುತ್ತಿದ್ದರೆ ಮೊದಲು ಈ ಕಾಯಿಲ್ ನೋಡಿಸಿ. ಆರ್‌ಸಿಸಿಬಿಯೇ ಸರಿಯಿಲ್ಲ ಅಂತ ಅದನ್ನು ಬೈಪಾಸ್ ಮಾಡುವುದು ಪ್ರಾಣದ ಜೊತೆ ಆಟ.

ಇನ್ನೊಂದು ತಲೆನೋವು ಇನ್ವರ್ಟರ್ ಇರುವ ಮನೆಗಳದ್ದು. ಇನ್ವರ್ಟರ್ ಲೈನಿನ ನ್ಯೂಟ್ರಲ್ಲೂ ಮಾಮೂಲಿ ಲೈನಿನ ನ್ಯೂಟ್ರಲ್ಲೂ ಬೇರೆ ಬೇರೆ ಇರಬೇಕು. ಸ್ವಿಚ್ ಬೋರ್ಡಿನಲ್ಲಿ ವೈರ್ ಸಾಲದೆ ಬಂದಾಗ ಪಕ್ಕದ ದೀಪದ ಲೈನಿನಿಂದ ನ್ಯೂಟ್ರಲ್ ಸಾಲ ತೆಗೆದು ಮಿಕ್ಸಿ ಸಾಕೆಟ್ಟಿಗೆ ಕೊಟ್ಟಿರುತ್ತಾರೆ. ನೋಡಲು ಎಲ್ಲಾ ಸರಿ ಇರುತ್ತದೆ. ಮಿಕ್ಸಿ ತಿರುಗಿಸಿದ ತಕ್ಷಣ ಕರೆಂಟ್ ಒಂದು ಆರ್‌ಸಿಸಿಬಿಯಿಂದ ಹೋಗಿ ಇನ್ನೊಂದು ದಾರಿಯಲ್ಲಿ ವಾಪಸ್ ಬರುತ್ತದೆ, ಟಪ್ ಅಂತ ಬೀಳುತ್ತದೆ. ಮಿಕ್ಸಿ ಬದಲಾಯಿಸಿದರೂ ಹೋಗದ ತೊಂದರೆ ಇದು. ಆದ್ದರಿಂದ ಮೊದಲೇ ಹೇಳಿ: ಪ್ರತಿ ಲೈನಿಗೂ ಅದರದ್ದೇ ಫೇಸ್, ಅದರದ್ದೇ ನ್ಯೂಟ್ರಲ್, ಅದರದ್ದೇ ಅರ್ತ್, ಡಿಬಿವರೆಗೂ. ಕಪ್ಪು ನ್ಯೂಟ್ರಲ್ಲಿಗೆ, ಹಸಿರು ಅರ್ತಿಗೆ. ಬೇರೆ ಬಣ್ಣ ಬಳಸಿ ಟೇಪ್ ಸುತ್ತುವುದಕ್ಕೆ ಬಿಡಬೇಡಿ. ಅರ್ತ್ ವೈರೂ ಆ ಲೈನಿನ ವೈರಿನಷ್ಟೇ ದಪ್ಪ ಇರಲಿ.

ಇನ್ವರ್ಟರಿಗೆ ಅಡುಗೆಮನೆಯಿಂದ ದೀಪ, ಎಕ್ಸಾಸ್ಟ್, ಆರ್‌ಓ ಪಾಯಿಂಟ್ ಕೊಟ್ಟರೆ ಸಾಕು. ಮಿಕ್ಸಿ, ಇಂಡಕ್ಷನ್ ಬೇಡ. ಅಪಾರ್ಟ್‌ಮೆಂಟಿನ ಜನರೇಟರ್ ಬ್ಯಾಕಪ್‌ಗೂ ಮಿತಿ ಇರುತ್ತದೆ, ನಿಮ್ಮ ಫ್ಲಾಟಿಗೆ ಎಷ್ಟು ಅಂತ ಅಸೋಸಿಯೇಷನ್ ಆಫೀಸಿನಲ್ಲಿ ಕೇಳಿ.

ಅರ್ತ್ ಗುಂಡಿ ಸ್ವಂತ ಮನೆಯವರ ಜವಾಬ್ದಾರಿ. ಕೆಲವು ಬಡಾವಣೆಗಳಲ್ಲಿ ನಾಲ್ಕು ಅಡಿಗೇ ಬಂಡೆ ಸಿಗುತ್ತದೆ, ಅಲ್ಲಿ ಅರ್ತ್ ಸರಿಯಾಗಿ ಕೂರುವುದಿಲ್ಲ, ಎರಡನೇ ಗುಂಡಿ ಬೇಕಾಗಬಹುದು. ಮೀಟರ್ ಹಿಡಿದು ಅಳೆದು ತೋರಿಸಿ ಎನ್ನಿ, 5 ಓಮ್‌ಗಿಂತ ಕಡಿಮೆ ಬಂದರೆ ಒಳ್ಳೆಯದು. ಏಪ್ರಿಲ್ ಮೇ ತಿಂಗಳ ಗುಡುಗು ಮಳೆಗೆ ಡಿಬಿಯಲ್ಲೊಂದು ಸರ್ಜ್ ಪ್ರೊಟೆಕ್ಟರ್ ಕೂಡ ಹಾಕಿಸಿ, ಈಗಿನ ಫ್ರಿಜ್ಜು ಮೆಷಿನ್ನುಗಳ ಒಳಗಿರುವ ಎಲೆಕ್ಟ್ರಾನಿಕ್ ಬೋರ್ಡ್ ಸುಟ್ಟರೆ ರಿಪೇರಿ ಬಲು ದುಬಾರಿ.

ಏಳನೇ ಹೆಜ್ಜೆ: ಬೆಸ್ಕಾಂ ಲೋಡ್

ಬೆಳಗ್ಗೆ ಏಳರ ಲೆಕ್ಕ 8 ಕಿಲೋವ್ಯಾಟ್ ದಾಟಿತ್ತಲ್ವಾ? ಈಗ ನಿಮ್ಮ ಕರೆಂಟ್ ಬಿಲ್ ತೆಗೆದು ಮಂಜೂರಾಗಿರುವ ಲೋಡ್ ಎಷ್ಟು ಅಂತ ನೋಡಿ. ಬಹಳಷ್ಟು ಹಳೇ ಮನೆಗಳಲ್ಲಿ 2 ಅಥವಾ 3 ಕಿಲೋವ್ಯಾಟ್ ಇರುತ್ತದೆ. ಎಲ್ಲವೂ ಒಟ್ಟಿಗೆ ಓಡುವುದು ಸ್ವಲ್ಪ ಹೊತ್ತು, ನಿಜ, ಗೀಸರ್, ವಾಷಿಂಗ್ ಮೆಷಿನ್ ಎರಡನ್ನೂ ಆ ಹೊತ್ತು ಬಿಟ್ಟು ಬೇರೆ ಸಮಯಕ್ಕೆ ಹಾಕಿದರೆ ಆಗಿನ ಲೆಕ್ಕದಿಂದ 4 ಕಿಲೋವ್ಯಾಟ್ ಇಳಿಯುತ್ತದೆ. ಆದರೂ ಲೋಡ್ ತೀರಾ ಕಡಿಮೆ ಇದ್ದರೆ ಹೆಚ್ಚಿಸಲು ಅರ್ಜಿ ಕೊಡಿ. ನಿಗದಿತ ಶುಲ್ಕ ಕಿಲೋವ್ಯಾಟ್ ಲೆಕ್ಕದಲ್ಲಿ ಬರುವುದರಿಂದ ಬಿಲ್ ಸ್ವಲ್ಪ ಏರುತ್ತದೆ, ಹಾಗಾಗಿ ಸುಮ್ನೆ ದೊಡ್ಡ ಅಂಕಿ ಹಾಕಿಸುವುದೂ ಬೇಡ. ಲೈಸೆನ್ಸ್ ಇರುವ ಕಂಟ್ರ್ಯಾಕ್ಟರ್ ಈ ಅರ್ಜಿ ಕೆಲಸ ಮಾಡಿಸಿಕೊಡುತ್ತಾರೆ. ಸಂದೇಹ ಇದ್ದರೆ ಬೆಸ್ಕಾಂ ಸಹಾಯವಾಣಿ 1912.

ತ್ರೀ ಫೇಸ್ ತೆಗೆದುಕೊಂಡರೆ ಬಿಸಿ ಸಾಮಾನುಗಳನ್ನು ಮೂರಕ್ಕೂ ಹಂಚಿಸಿ. ಗೀಸರ್ ಒಂದರಲ್ಲಿ, ಇಂಡಕ್ಷನ್ ಇನ್ನೊಂದರಲ್ಲಿ, ವಾಷಿಂಗ್ ಮೆಷಿನ್ ಮೂರನೆಯದರಲ್ಲಿ. ಮೂರೂ ಒಂದೇ ಫೇಸಿನಲ್ಲಿ ಇದ್ದರೆ ತ್ರೀ ಫೇಸ್ ತಗೊಂಡು ಏನು ಬಂತು?

ಎಂಟನೇ ಹೆಜ್ಜೆ: ಸಾಮಾನು ಕೊಳ್ಳುವುದು, ಕೆಲಸ ನೋಡುವುದು

ಚಿಕ್ಕಪೇಟೆ ಪಕ್ಕದ ಬಿವಿಕೆ ಅಯ್ಯಂಗಾರ್ ರಸ್ತೆಯಲ್ಲಿ ವೈರು, ಸ್ವಿಚ್ಚು, ಡಿಬಿ ಎಲ್ಲಾ ಸಾಲಾಗಿ ಸಿಗುತ್ತವೆ. ರೇಟೂ ಇಳಿಸಬಹುದು. ವೈರಿನ ಕಾಯಿಲ್ ಸಾಮಾನ್ಯವಾಗಿ 90 ಮೀಟರಿನದು, ಸೀಲ್ ಒಡೆಯದೆ ಇರುವುದನ್ನೇ ತಗೊಳ್ಳಿ. ಐಎಸ್‌ಐ ಗುರುತಿನ ಜೊತೆ ಸಿಎಂ/ಎಲ್ ನಂಬರ್ ಅಚ್ಚಾಗಿರುತ್ತದೆ, ಅದನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಲೈಸೆನ್ಸ್ ಯಾರದ್ದು ಅಂತ ಅಂಗಡಿ ಮುಂದೆಯೇ ಗೊತ್ತಾಗುತ್ತದೆ. ಬೆಂಕಿ ಬೇಗ ಹಬ್ಬದ, ಹೊಗೆ ಕಡಿಮೆ ಬರುವ ಎಫ್ಆರ್‌ಎಲ್‌ಎಸ್ ವೈರು ಅಡುಗೆಮನೆಗೆ ವಾಸಿ.

ಸಾಕೆಟ್ಟಿನಲ್ಲಿ ಕಂಜೂಸು ಮಾಡಬೇಡಿ. ಹಳೇ ಮನೆಯಲ್ಲಿ ಗೀಸರ್ ಪ್ಲಗ್ ಕಿತ್ತು ನೋಡಿದವರಿಗೆ ಇದು ಗೊತ್ತು. ಒಂದು ಪಿನ್ನಿನ ಸುತ್ತ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಉಗುರು ತಾಗಿಸಿದರೆ ಪುಡಿ ಉದುರುತ್ತದೆ, ಹತ್ತಿರ ಮೂಗಿಟ್ಟರೆ ಮೀನಿನಂಥ ವಾಸನೆ. ಅಲ್ಲಿ ಹರಿದದ್ದು ಮಾಮೂಲಿ 9 ಆಂಪಿಯರೇ, ಹಾಗಾಗಿ ಎಂಸಿಬಿಗೆ ಏನೂ ಗೊತ್ತಾಗಿಲ್ಲ. ಒಳಗಿನ ಹಿತ್ತಾಳೆ ಪಟ್ಟಿ ಸಡಿಲಾಗಿತ್ತು, ಅಥವಾ ಹಿಂದಿನ ಸ್ಕ್ರೂ ಬಿಗಿ ಇರಲಿಲ್ಲ, ಆ ಸಡಿಲು ಜಾಗ ಕಾದು ಕಾದು ಸುಟ್ಟಿದೆ. ಸಡಿಲು ಕನೆಕ್ಷನ್ ಹಿಡಿಯುವ ಶಕ್ತಿ ಎಂಸಿಬಿಗೂ ಇಲ್ಲ, ಆರ್‌ಸಿಸಿಬಿಗೂ ಇಲ್ಲ. ಅದಕ್ಕೇ ಬಿಸಿ ಸಾಮಾನಿಗೆ ಬಿಗಿಯಾಗಿ ಪಿನ್ ಹಿಡಿಯುವ 16 ಆಂಪಿಯರ್ ಸಾಕೆಟ್ಟೇ ಬೇಕು, ಎರಡೂ ಪ್ಲಗ್ ಕೂರುವ 6/16 ಸಾಕೆಟ್ಟನ್ನು ಮಿಕ್ಸಿಗೆ ಇಟ್ಟುಕೊಳ್ಳಿ. ವೈರಿನ ತುದಿಗೆ ಲಗ್ (ಲೋಹದ ಪುಟ್ಟ ತುದಿ) ಹಾಕಿ ಒತ್ತಿಸಿ ಸ್ಕ್ರೂ ಬಿಗಿಸಲಿ. ಗೋಡೆಯೊಳಗೆ ವೈರ್ ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಒಂದೂ ಇರಬಾರದು.

ಗೋಡೆ ಕೊರೆಯುವಾಗ ಕಟ್ಟರ್ ಬಳಸಲಿ, ಸುತ್ತಿಗೆಯಲ್ಲಿ ಬಡಿದರೆ ಬ್ಲಾಕ್ ಗೋಡೆ ಬಿರುಕು ಬಿಡುತ್ತದೆ. ನಾಲ್ಕಿಂಚಿನ ಗೋಡೆಯಲ್ಲಿ ಅಡ್ಡಕ್ಕೆ ಕೊರೆಯಬಾರದು, ಪಿಲ್ಲರ್, ಬೀಮ್ ಮುಟ್ಟಲೇಬಾರದು. ಪೈಪು ಸಾಕೆಟ್ಟಿನಿಂದ ನೇರ ಮೇಲಕ್ಕೆ ಅಥವಾ ನೇರ ಕೆಳಕ್ಕೆ ಹೋಗಲಿ, ಓರೆಯಾಗಿ ಬೇಡ. ಆರು ತಿಂಗಳಾದ ಮೇಲೆ ಕ್ಯಾಬಿನೆಟ್ ಕೂರಿಸುವವನು ಡ್ರಿಲ್ ಹಿಡಿದು ಬಂದಾಗ ವೈರ್ ಎಲ್ಲಿದೆ ಅಂತ ಊಹಿಸೋಕೆ ಇದೊಂದೇ ದಾರಿ. ಗಾರೆ ಮೆತ್ತುವ ಮೊದಲು ಟೇಪ್ ಹಿಡಿದು, ಅಳತೆ ಕಾಣುವ ಹಾಗೆ ಪ್ರತಿ ಗೋಡೆಯ ಫೋಟೋ ತೆಗೆದಿಡಿ.

ಕೆಲಸ ಮುಗಿದ ದಿನ ದುಡ್ಡು ಕೊಡುವ ಮೊದಲು ನೋಡಬೇಕಾದ್ದು ಇಷ್ಟು. 500 ವೋಲ್ಟ್ ಮೆಗ್ಗರ್ ಹಾಕಿ ಇನ್ಸುಲೇಷನ್ ಅಳೆಯಲಿ, ಕನಿಷ್ಠ 1 ಮೆಗಾಓಮ್ ಬೇಕು, ಹೊಸ ವೈರಿಂಗಿನಲ್ಲಿ ಇದಕ್ಕಿಂತ ಎಷ್ಟೋ ಜಾಸ್ತಿ ಬರಬೇಕು. ಪ್ರತಿ ಸಾಕೆಟ್ಟಿನಲ್ಲೂ ಫೇಸ್ ಬಲಕ್ಕೆ, ಅರ್ತ್ ಮೇಲಿನ ದೊಡ್ಡ ತೂತಿಗೆ ಬಂದಿದೆಯಾ ನೋಡಿ. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ, ಬೀಳಬೇಕು. ಇದನ್ನು ಆಮೇಲೂ ತಿಂಗಳಿಗೊಮ್ಮೆ ಒತ್ತುತ್ತಿರಿ. ಡಿಬಿಯಲ್ಲಿ ಒಂದೊಂದೇ ಎಂಸಿಬಿ ಇಳಿಸಿ, ಯಾವ ಸಾಕೆಟ್ ಆರಿತು ಎಂದು ನೋಡಿ, ಅಲ್ಲೇ ಕನ್ನಡದಲ್ಲಿ ಚೀಟಿ ಅಂಟಿಸಿ: ಫ್ರಿಜ್, ಇಂಡಕ್ಷನ್, ಮಿಕ್ಸಿ ಬೋರ್ಡ್, ವಾಷಿಂಗ್ ಮೆಷಿನ್. ಮನೆಯಲ್ಲಿ ಅಜ್ಜಿ ಒಬ್ಬರೇ ಇದ್ದಾಗ ಯಾವುದನ್ನು ಇಳಿಸಬೇಕು ಅಂತ ಅವರಿಗೂ ಗೊತ್ತಾಗಬೇಕು.

ಬಾಡಿಗೆ ಮನೆಯವರಿಗೆ

ಗೋಡೆ ಕೊರೆಯುವ ಹಾಗಿಲ್ಲ ಅಂದರೂ ದಾರಿ ಇದೆ. ಓನರ್ ಒಪ್ಪಿದರೆ ಗೋಡೆ ಮೇಲೆ ಪಿವಿಸಿ ಕೇಸಿಂಗ್ ಹಾಕಿ ಡಿಬಿಯಿಂದ ಒಂದು ಹೊಸ 2.5 ಲೈನ್ ಎಳೆಸಬಹುದು, ಖರ್ಚು ದೊಡ್ಡದಲ್ಲ. ಒಪ್ಪದಿದ್ದರೆ ಯಾವ ಸಾಕೆಟ್ ಯಾವ ಎಂಸಿಬಿಗೆ ಸೇರಿದೆ ಅಂತ ಮೇಲೆ ಹೇಳಿದ ಹಾಗೆ ಒಂದೊಂದೇ ಇಳಿಸಿ ಗುರುತು ಮಾಡಿಕೊಳ್ಳಿ. ಎರಡು ಬಿಸಿ ಸಾಮಾನು ಒಂದೇ ಎಂಸಿಬಿ ಕೆಳಗೆ ಬಂದರೆ ಒಂದರ ನಂತರ ಒಂದು ಹಾಕಿ. ದೊಡ್ಡ ಪ್ಲಗ್ಗನ್ನು ಚಿಕ್ಕ ಸಾಕೆಟ್ಟಿಗೆ ಚುಚ್ಚುವ ಕನ್ವರ್ಷನ್ ಪ್ಲಗ್ಗನ್ನು ಇಂಡಕ್ಷನ್, ಗೀಸರ್, ವಾಷಿಂಗ್ ಮೆಷಿನ್‌ಗೆ ಬಳಸಲೇಬೇಡಿ. ಹೊಸ ಮನೆ ನೋಡಲು ಹೋದಾಗ ನಲ್ಲಿ ತಿರುಗಿಸಿ ಕಾವೇರಿ ನೀರು ಬರುತ್ತಾ ಅಂತ ಕೇಳುತ್ತೀರಲ್ಲ, ಅದೇ ಹೊತ್ತಿಗೆ ಡಿಬಿಯ ಮುಂದಿನ ಬಾಗಿಲನ್ನೂ ತೆರೆದು ಅಲ್ಲಿ ಆರ್‌ಸಿಸಿಬಿ ಇದೆಯಾ ನೋಡಿ. ಇಲ್ಲದಿದ್ದರೆ ಅಡ್ವಾನ್ಸ್ ಕೊಡುವ ಮೊದಲೇ ಹಾಕಿಸಿಕೊಡಿ ಅಂತ ಕೇಳಿ.